ಅಡುಗೆಮನೆ ಇಲ್ಲದ ಕೋಣೆ

ಮನೆ ಬದಲಿಸಲೆಂದು ಸಾಮಾನು ಕಟ್ಟುತ್ತಿದ್ದೆ. ಕಪಾಟಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಇಳಿಸಿದಾಗ ಇಂಗಿನ ವಾಸನೆ ಬಂತು. ನಾನು ಅಡುಗೆಗೆ ಇಂಗು ಹಾಕುವವಳಲ್ಲ. ಮೆಲ್ಬರ್ನ್ ಅಂಚಿನ ಪಾಯಿಂಟ್ ಕುಕ್‌ನ ಈ ಬಾಡಿಗೆ ಮನೆಯಲ್ಲಿ ಆ ವಾಸನೆಗೆ ಬೇರೆ ಯಾವ ಮೂಲವೂ ಇರಲಿಲ್ಲ. ಹಾಗಾಗಿ ಪೆಟ್ಟಿಗೆ ತೆರೆಯುವ ಮೊದಲೇ ಒಳಗೇನಿದೆ ಎಂಬುದು ಗೊತ್ತಾಯಿತು. ಅಗಲ ಅಂಚಿನ ಹುಲ್ಲಿನ ಟೋಪಿ, ಸುತ್ತ ನೀಲಿ ಪಟ್ಟಿ. ಪಟ್ಟಿಗೆ ಕಟ್ಟಿದ ದಾರದಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ಆ ಟೋಪಿ ಒಮ್ಮೆ ಗ್ರೀಸ್‌ಗೆ ಹೋಗಿ ಬಂದಿದೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಇಂಗಿನ ಡಬ್ಬಿ, ತೊಗರಿಬೇಳೆಯ ಪೊಟ್ಟಣಗಳ ನಡುವೆ ಕೂತು ಹೋಯಿತು. ಯಾರ ತಲೆಗೂ ಏರದೆ ಅದೇ ಸೂಟ್‌ಕೇಸಿನಲ್ಲಿ ಮರಳಿ ಬಂತು. ಸಿಟ್ಟು ಇಳಿದಿದೆ ಎಂದುಕೊಂಡಿದ್ದೆ... ಇಳಿದಿಲ್ಲ.

ಟೋಪಿ ಆಂಟಿಯದು. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಎರಡೂವರೆ ವರ್ಷ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದಾವಣಗೆರೆಯಿಂದ ಸ್ಟ್ಯಾಟಿಸ್ಟಿಕ್ಸ್ ಓದಲು ಬಂದವಳು, ಸ್ಟೇಷನ್ ಹತ್ತಿರದ ದಿನಸಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ ಹೋಗಿದ್ದೆ. ‘ಹುಡುಗಿ, ಸಸ್ಯಾಹಾರಿ, ಕನ್ನಡ ಬಂದರೆ ಒಳ್ಳೆಯದು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆಂಟಿ, ಅಂಕಲ್ ಇಬ್ಬರೂ ಉಡುಪಿ ಕಡೆಯವರು. ತಮ್ಮತಮ್ಮಲ್ಲಿ ತುಳು, ನನ್ನೊಡನೆ ಕನ್ನಡ. ಅಂಕಲ್ ಕೌನ್ಸಿಲ್ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಆಂಟಿ ಪರಮಟ್ಟಾ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದರು. ಐವತ್ತೈದು ದಾಟಿತ್ತು. ಎಡ ಮಂಡಿ ನೋಯುತ್ತಿತ್ತು. ಆದರೆ ನೋವೆಂದು ಕೂತದ್ದನ್ನು ನಾನು ನೋಡಿದ್ದು ಕಡಿಮೆ.

ಈ ದೇಶಕ್ಕೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಆಂಟಿ ತೆಗೆದ ಪ್ರತಿ ರಜೆಯೂ ಊರಿಗೆ ಸಂದಿತ್ತು. ನಾದಿನಿಯ ಮದುವೆ, ಮೈದುನನ ಮಗನ ಉಪನಯನ, ಮಾವನ ವರ್ಷಾಂತಿಕ. ಅಲ್ಲಿ ಇಳಿದ ಮರುದಿನವೇ ಸೆರಗು ಸಿಕ್ಕಿಸಿ ಅಡುಗೆಮನೆಗೆ. ಸಿಡ್ನಿಯಲ್ಲೂ ಕನ್ನಡದವರ ಯಾವ ಸಮಾರಂಭವಿದ್ದರೂ ಸಾರು ಆಂಟಿಯದೇ. ನಲವತ್ತು ಜನರ ಸಾರನ್ನು ಅವರು ಅಳತೆಯಿಲ್ಲದೆ, ಕೈಯಂದಾಜಿನಲ್ಲೇ ಮಾಡುತ್ತಿದ್ದರು. ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯ ಬಗ್ಗೆ ಆಮೇಲೆ ಹೇಳುತ್ತೇನೆ.

ಗ್ರೀಸ್ ಅವರ ತಲೆಗೆ ಹೊಕ್ಕಿದ್ದು ಆ ವೃದ್ಧಾಶ್ರಮದಲ್ಲಿ. ಅಲ್ಲಿ ನಾಕ್ಸೋಸ್ ಎಂಬ ದ್ವೀಪದ ಒಬ್ಬ ಅಜ್ಜಿ ಇದ್ದರು. ಮಧ್ಯಾಹ್ನ ಅವರ ಕಾಲಿಗೆ ಎಣ್ಣೆ ತಿಕ್ಕುವಾಗ ಇಬ್ಬರೂ ತಮ್ಮ ತಮ್ಮ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರಂತೆ. ಅಜ್ಜಿಯ ಊರಿನಲ್ಲಿ ಹೋಟೆಲಿನವರು ನೀರಿನ ಅಂಚಿಗೇ ಕುರ್ಚಿ ಹಾಕುತ್ತಾರೆ, ಕಾಲನ್ನು ಸಮುದ್ರಕ್ಕೆ ಬಿಟ್ಟು ಕೂರಬಹುದು, ಒಂದು ಕಾಫಿ ತರಿಸಿಕೊಂಡು ಸಂಜೆಯವರೆಗೆ ಕೂತರೂ ಏಳಿ ಎನ್ನುವವರಿಲ್ಲ. ಅಜ್ಜಿ ಅದೇ ವರ್ಷ ತೀರಿಕೊಂಡರು. ಕೆಲವೇ ತಿಂಗಳಿಗೆ ಅಥೆನ್ಸ್ ಒಲಿಂಪಿಕ್ಸ್ ಬಂತು. ಆಟಗಳ ನಡುವೆ ಟಿವಿಯಲ್ಲಿ ದ್ವೀಪಗಳನ್ನು ತೋರಿಸುತ್ತಿದ್ದರು. ಬೀನ್ಸ್ ಮುರಿಯುತ್ತ ಕೂತಿದ್ದ ಆಂಟಿ ಕೈ ನಿಲ್ಲಿಸಿ ನೋಡಿದರು.

“ನಾನು ಹುಟ್ಟಿದ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ ಮಾರಾಯ್ತಿ. ಒಂದು ದಿನ ಕೂತದ್ದಿಲ್ಲ. ಹೆಣ್ಣುಮಕ್ಕಳು ಅಲ್ಲಿ ಹೋಗಿ ಕೂರುವುದಾ ಅಂತ ಬೈತಿದ್ರು. ಬೂದಿ ಬಿಡ್ಲಿಕ್ಕೆ ಹೋದದ್ದು ಮಾತ್ರ.”

ಅಂಕಲ್ ಪೇಪರಿನಿಂದ ತಲೆಯೆತ್ತದೆ, “ಸಮುದ್ರಕ್ಕೆ ಗ್ರೀಸ್‌ವರೆಗೆ ಯಾಕೆ? ಇಲ್ಲೇ ಬೊಂಡೈ ಬೀಚಿಗೆ ಹೋಗು” ಎಂದರು.

“ಬೊಂಡೈಗೆ ಹೋದ್ರೆ ಸಂಜೆ ವಾಪಸ್ ಬಂದು ಅನ್ನಕ್ಕೆ ಇಡಬೇಕಲ್ಲ,” ಎಂದರು ಆಂಟಿ.

ಅಂಕಲ್‌ಗೆ ಹಡಗು ಹತ್ತಿದರೆ ಹೊಟ್ಟೆ ತೊಳೆಸುತ್ತಿತ್ತು. ತಾನು ಬರುವುದಿಲ್ಲ, ಬೇಕಿದ್ದರೆ ನೀವಿಬ್ಬರೇ ಹೋಗಿ ಎಂದರು. ಹಾಗಾಗಿ ಅದು ಆಂಟಿ ಮತ್ತು ನಾನು, ಇಬ್ಬರ ಪ್ರವಾಸವಾಯಿತು. ಮರುವರ್ಷದ ಸೆಪ್ಟೆಂಬರ್ ಎಂದು ನಿಶ್ಚಯಿಸಿದೆವು. ಆ ಹೊತ್ತಿಗೆ ನನ್ನ ಓದು ಮುಗಿದಿರುತ್ತಿತ್ತು.

ಯೋಜನೆ ಮಾಡುವುದು ನನಗೆ ಇಷ್ಟದ ಕೆಲಸ. ಲೈಬ್ರರಿಯಿಂದ ಪುಸ್ತಕ ತಂದೆ, ಹಡಗಿನ ವೇಳಾಪಟ್ಟಿ ಪ್ರಿಂಟ್ ಮಾಡಿದೆ, ಒಂದು ಪಾರದರ್ಶಕ ಫೋಲ್ಡರ್‌ನಲ್ಲಿ ಎಲ್ಲವನ್ನೂ ದಿನದ ಪ್ರಕಾರ ಜೋಡಿಸಿದೆ. ಆಗಸ್ಟ್‌ನಲ್ಲಿ ಆ ಸಮುದ್ರದ ಮೇಲೆ ಉತ್ತರದ ಗಾಳಿ ಜೋರು, ಜನವೂ ಜಾಸ್ತಿ. ಅಕ್ಟೋಬರ್ ಆದರೆ ಅಂಗಡಿ ಮುಚ್ಚತೊಡಗುತ್ತಾರೆ. ಸೆಪ್ಟೆಂಬರ್‌ನ ಮೊದಲೆರಡು ವಾರ ಸರಿಯಾದ ಕಾಲ. ಒಂದೇ ದ್ವೀಪ, ಅದೂ ನಾಕ್ಸೋಸ್, ಆರು ರಾತ್ರಿ. ಆಮೇಲೆ ಹಡಗಿನಲ್ಲಿ ಮರಳಿ ದಡಕ್ಕೆ ಬಂದು, ನಾಫ್ಲಿಯೊ ಎಂಬ ಕರಾವಳಿಯ ಚಿಕ್ಕ ಊರಿನಲ್ಲಿ ಮೂರು ರಾತ್ರಿ. ವಿಮಾನದ ಹಿಂದಿನ ದಿನ ದ್ವೀಪದಲ್ಲಿ ಇರಬಾರದು. ಗಾಳಿ ಎದ್ದರೆ ಹಡಗು ಬಿಡುವುದಿಲ್ಲ. ಫೋಟೋಗಳಲ್ಲಿ ಎಲ್ಲರೂ ನೋಡಿರುವ ಬಿಳಿ ಮನೆ, ನೀಲಿ ಗುಮ್ಮಟದ ಸ್ಯಾಂಟೊರಿನಿಯನ್ನು ನಾನೇ ಕೈಬಿಟ್ಟೆ. ಅಲ್ಲಿ ಊರು ಇರುವುದು ಬಂಡೆಯ ನೆತ್ತಿಯ ಮೇಲೆ, ಸಮುದ್ರ ಪಾತಾಳದಲ್ಲಿ, ನಡುವೆ ನೂರಾರು ಮೆಟ್ಟಿಲು. ಆಂಟಿಯ ಮಂಡಿಗೆ ಅದು ಆಗದು ಎಂದು ಫೋಲ್ಡರ್‌ನ ಮೂರನೆಯ ಪುಟದಲ್ಲಿ ಬರೆದಿದ್ದೆ.

ಆಂಟಿಯ ಷರತ್ತು ಒಂದೇ. ನಾನು ಕಂಪ್ಯೂಟರ್ ಮುಂದೆ ಕೂತು ಕೋಣೆಗಳನ್ನು ಓದಿ ಹೇಳುವಾಗ ಅವರು ಹಿಂದೆ ನಿಂತು ಕೇಳುತ್ತಿದ್ದರು.

“ಅಡುಗೆಮನೆ ಉಂಟಾ?”

“ಹೌದು ಆಂಟಿ, ಚಿಕ್ಕದು. ಸ್ಟವ್, ಫ್ರಿಜ್ ಎಲ್ಲ ಇದೆ.”

“ಹಾಗಾದ್ರೆ ಬೇಡ. ಮುಂದಿನದ್ದು ನೋಡು.”

“ಊಟಕ್ಕೆ?”

“ಬ್ರೆಡ್ಡು, ಟೊಮೇಟೊ, ಮೊಸರು ಸಿಗ್ತದಲ್ಲ. ಹತ್ತು ದಿನ ಅದನ್ನೇ ತಿಂದ್ರೆ ಸಾಯುವುದಿಲ್ಲ. ಸತ್ರೂ ಒಳ್ಳೇದೇ, ಸಮುದ್ರ ಹತ್ತಿರ ಉಂಟು.”

ನಾಕ್ಸೋಸ್‌ನ ಒಂದು ವಸತಿಗೃಹದ ಯಜಮಾನಿಗೆ ನಾನು ಇಮೇಲ್ ಬರೆದೆ: ನಮಗೆ ಅಡುಗೆಮನೆ ಇಲ್ಲದ ಕೋಣೆ ಬೇಕು, ನೀರಿನ ಅಂಚಿಗೆ ಎರಡು ಕುರ್ಚಿ ಬೇಕು. ಎಲ್ಲರೂ ಅಡುಗೆಮನೆ ಕೇಳುತ್ತಾರೆ, ನೀವು ಯಾಕೆ ಬೇಡ ಎನ್ನುತ್ತೀರಿ ಎಂದು ಆಕೆ ಕೇಳಿದಳು. ಅದನ್ನು ಓದಿ ಹೇಳಿದಾಗ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅವಳಿಗೆ ಗಂಡ ಇಲ್ಲ ಅಂತ ಕಾಣ್ತದೆ,” ಎಂದರು. ಹಿಂದಿನ ಒಂದು ಕೋಣೆಯಲ್ಲಿ ಸ್ಟವ್ ಇಲ್ಲ, ಅದನ್ನೇ ನಿಮಗಾಗಿ ಇಡುತ್ತೇನೆ ಎಂದು ಆಕೆ ಒಪ್ಪಿದಳು.

ಒಂದು ಶನಿವಾರ ಪರಮಟ್ಟಾಕ್ಕೆ ನಡೆದು ಹೋಗಿ ಎರಡು ಟೋಪಿ ಕೊಂಡೆವು, ಒಂದೇ ಥರದ್ದು. ತುರುಬಿಗೆ ಜಾಗ ಇರಲೆಂದು ಆಂಟಿ ದೊಡ್ಡದನ್ನು ಆರಿಸಿದರು. ಅಂಗಡಿಯ ಕನ್ನಡಿಯಲ್ಲಿ ಸೀರೆಯ ಮೇಲೆ ಆ ಟೋಪಿಯನ್ನು ನೋಡಿಕೊಂಡು ತುಂಬ ಹೊತ್ತು ನಿಂತಿದ್ದರು. ಮನೆಯಲ್ಲಿ ಅದನ್ನು ಹಾಕಲಿಲ್ಲ, ಚೀಟಿಯನ್ನೂ ಬಿಚ್ಚಲಿಲ್ಲ. ಹಡಗು ಹತ್ತಿದ ಮೇಲೆ ಬಿಚ್ಚುವುದೆಂದು ಹೇಳಿದ್ದರು.

ಅದೇ ತಿಂಗಳು ನನಗೆ ಬರಬೇಕಾಗಿದ್ದ ಒಂದು ಪತ್ರ ಬಂತು. ಓದು ಮುಗಿದು ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ನೆಲೆಸುವ ಹಕ್ಕಿಗೆ, ಅರ್ಜಿ ಹಾಕಿದ್ದೆ. ಅದು ಇತ್ಯರ್ಥವಾಗುವ ಮೊದಲು ದೇಶ ಬಿಟ್ಟು ಹೋಗಿ ಮರಳಿ ಬರಲು ಬೇರೆ ಅನುಮತಿ ಬೇಕಿತ್ತು. ಅದು ಸಿಕ್ಕಿತ್ತು. ಆಂಟಿ ಆ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದರು, ಮೇಲೆ ಒಂದು ಮಾವಿನಹಣ್ಣಿನ ಆಕಾರದ ಅಯಸ್ಕಾಂತ ಇಟ್ಟು.

ಕೆಟ್ಟದ್ದು ಆಗಿದ್ದು ಜೂನ್‌ನಲ್ಲಿ, ಭಜನೆಯ ದಿನ. ಸಿಡ್ನಿಯ ಕನ್ನಡದವರಲ್ಲಿ ಮನೆತನಗಳಿಗೆ ಅವರಿರುವ ಬಡಾವಣೆಯ ಹೆಸರೇ ಹೆಸರು. ಊರಲ್ಲಿ ಮನೆಯ ಹೆಸರು ಹಿಡಿದು ಕರೆಯುವ ಹಾಗೆ. ಆ ತಿಂಗಳ ಭಜನೆ ವೆಸ್ಟ್‌ಮೀಡ್‌ನವರ ಮನೆಯಲ್ಲಿತ್ತು. ನಲವತ್ತರ ಆಸುಪಾಸಿನ ಬೆಂಗಳೂರು ದಂಪತಿ, ಇಬ್ಬರೂ ಐಟಿ, ಇಬ್ಬರು ಮಕ್ಕಳು. ಮಂಗಳಾರತಿ ಮುಗಿದು ಎಲ್ಲರ ಕೈಯಲ್ಲೂ ತಟ್ಟೆ. ಮನೆಯಾಕೆ ಆಂಟಿಯನ್ನು ಮಾತಾಡಿಸಿದರು.

“ಈ ಸಲ ಡಿಸೆಂಬರ್‌ಗೆ ಊರಿಗಾ ಆಂಟಿ?”

“ಇಲ್ಲ, ಈ ಸಲ ಗ್ರೀಸ್‌ಗೆ. ಸೆಪ್ಟೆಂಬರ್‌ನಲ್ಲಿ, ನಾವಿಬ್ಬರೇ,” ಎಂದು ಆಂಟಿ ನನ್ನ ಕಡೆ ತೋರಿಸಿದರು.

“ಗ್ರೀಸಾ? ಸಖತ್. ಲಕ್ಕಿ ನೀವು.”

“ನೀವೂ ಬನ್ನಿ,” ಎಂದರು ಆಂಟಿ.

ಈ ಎರಡು ಶಬ್ದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಮ್ಮಲ್ಲಿ ಎಲ್ಲಿಗಾದರೂ ಹೊರಟವರು ಎದುರು ಸಿಕ್ಕವರಿಗೆ ಹೇಳಲೇಬೇಕಾದ ಮಾತು ಅದು. ಪೇಟೆಗೆ ಹೊರಟರೂ, ಧರ್ಮಸ್ಥಳಕ್ಕೆ ಹೊರಟರೂ ಹೇಳುತ್ತೇವೆ, ಹೇಳದಿದ್ದರೆ ಗರ್ವ. ಅದಕ್ಕೆ ಉತ್ತರವೂ ಗೊತ್ತಾದದ್ದೇ: ‘ನೋಡುವ, ಇನ್ನೊಮ್ಮೆ.’ ಕರೆದವರು ಕರೆದಂತಾಯಿತು, ಕರೆಸಿಕೊಂಡವರಿಗೆ ಮರ್ಯಾದೆಯಾಯಿತು, ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಆಂಟಿ ಅದೇ ಲೆಕ್ಕದಲ್ಲಿ ಹೇಳಿದ್ದು. ಹತ್ತು ವರ್ಷ ಈ ದೇಶದಲ್ಲಿದ್ದ ವೆಸ್ಟ್‌ಮೀಡ್‌ನವರು ಅರ್ಧ ಮಾತ್ರ ನಮ್ಮವರಾಗಿ ಉಳಿದಿದ್ದರು. ಕರೆಯನ್ನು ಕೇಳಿಸಿಕೊಂಡರು, ಉತ್ತರವನ್ನು ಮರೆತಿದ್ದರು. ಆಕೆಯ ಗಂಡ ಅಲ್ಲೇ ಕೈ ಒರೆಸಿಕೊಂಡು ಜೇಬಿನಿಂದ ಫೋನ್ ತೆಗೆದು ಕ್ಯಾಲೆಂಡರ್ ನೋಡಿದರು. “ಸೆಪ್ಟೆಂಬರ್ ಕೊನೆಗೆ ಸ್ಕೂಲ್ ಹಾಲಿಡೇಸ್ ಬರತ್ತೆ ಆಂಟಿ. ಎರಡು ವಾರ ಮುಂದಕ್ಕೆ ಹಾಕಿದ್ರೆ ನಾವು ರೆಡಿ.”

ಆಂಟಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಲ್ಲಿ ಒಬ್ಬರು ಆಗಲೇ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹಿಂದಿನಿಂದ ಸೆವೆನ್ ಹಿಲ್ಸ್‌ನವರು, “ಏನದು, ಗ್ರೀಸ್ ಟೂರಾ? ನಮ್ಮನ್ನ ಬಿಟ್ಟು?” ಎಂದು ನಗುತ್ತ ಹತ್ತಿರ ಬಂದರು.

ಮೂರು ವಾರಗಳಲ್ಲಿ ಇಬ್ಬರಿದ್ದವರು ಹನ್ನೆರಡಾದೆವು. ಜನ ಇದ್ದರೆ ಮಜಾ ಇರುತ್ತದೆ ಎಂದು ಅಂಕಲ್ ಕೂಡ ಹೊರಟರು; ಹಡಗಿಗೆ ಮಾತ್ರೆ ಸಿಗುತ್ತದೆಂದು ಆಗ ಅವರಿಗೆ ನೆನಪಾಯಿತು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಹ್ಯಾರಿಸ್ ಪಾರ್ಕ್‌ನ ಮನೆಯಲ್ಲಿ ಸೇರಿದರು, ಪ್ಲಾನ್ ಮಾಡಲು. ಆಂಟಿ ಗೋಳಿಬಜೆ ಕರಿಯುತ್ತಿದ್ದರು. ನನ್ನ ಫೋಲ್ಡರ್ ಕೈಯಿಂದ ಕೈಗೆ ಹೋಯಿತು. ವೆಸ್ಟ್‌ಮೀಡ್ ಅಂಕಲ್ ಪೆನ್ನು ತೆಗೆದು ನಾಕ್ಸೋಸ್ ಮೇಲೆ ಗೆರೆ ಎಳೆದರು.

“ಗ್ರೀಸ್‌ಗೆ ಹೋಗಿ ಸ್ಯಾಂಟೊರಿನಿ ನೋಡ್ದೆ ಬಂದ್ರೆ ಜನ ನಗ್ತಾರೆ.”

ಅವರ ಹೆಂಡತಿ ಹೇಳಿದರು, “ಮತ್ತೆ ಹೋಟೆಲ್ ಎಲ್ಲ ಬೇಡ. ನಮ್ಮ ಮಕ್ಕಳು ಮೊಸರನ್ನ, ಸಾರನ್ನ ಬಿಟ್ಟು ಬೇರೆ ಮುಟ್ಟಲ್ಲ. ಒಂದು ದೊಡ್ಡ ವಿಲ್ಲಾ ತಗೊಳೋಣ, ಕಿಚನ್ ಇರೋದು. ಹೇಗೂ ಆಂಟಿ ಇದಾರೆ.”

“ನಾವೆಲ್ಲ ಹೆಲ್ಪ್ ಮಾಡ್ತೀವಪ್ಪ,” ಎಂದರು ಸೆವೆನ್ ಹಿಲ್ಸ್‌ನವರು. ಸೋಫಾದ ತುದಿಯಲ್ಲಿದ್ದ ವೆಸ್ಟ್‌ಮೀಡ್‌ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ಅಲ್ಲಿ ಪೂಲ್ ಇರುತ್ತದೆಯೇ ಎಂದು.

ನಾನು ಆಂಟಿಗಾಗಿ ಕಾದೆ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನೋಡಿದೆ. ಅವರು, “ಬಿಸಿ ಉಂಟು, ತಗೊಳ್ಳಿ,” ಎಂದರು.

“ನೀನೇ ಎಲ್ಲ ಬುಕ್ ಮಾಡಮ್ಮ, ನಿಂಗೆ ಅದೆಲ್ಲ ಚೆನ್ನಾಗಿ ಗೊತ್ತು,” ಎಂದು ವೆಸ್ಟ್‌ಮೀಡ್ ಅಂಕಲ್ ಫೋಲ್ಡರನ್ನು ನನ್ನ ತೊಡೆಯ ಮೇಲೆ ಇಟ್ಟರು.

ನನಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ತಣ್ಣಗಾಗುತ್ತದೆ. ತಣ್ಣಗೆ ಒಂದು ಸುಳ್ಳು ಹೇಳಿದೆ: “ನಾನು ಬರೋಕಾಗಲ್ಲ. ಪಿಆರ್ ಫೈಲ್ ನಡೀತಾ ಇದೆ. ಅದು ಮುಗಿಯೋವರೆಗೆ ದೇಶ ಬಿಟ್ಟು ಹೋಗೋ ಹಾಗಿಲ್ಲ.”

ಅನುಮತಿಯ ಪತ್ರ ಎಲ್ಲರಿಗೂ ಕಾಣುವಂತೆ ಫ್ರಿಜ್ಜಿನ ಮೇಲಿತ್ತು. ಅದು ನೆನಪಾಗಿದ್ದು ಮಾತು ಬಾಯಿಂದ ಹೊರಟ ಮೇಲೆ. ಆಂಟಿ ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು, ನಿಧಾನವಾಗಿ ಫ್ರಿಜ್ಜಿನ ಹತ್ತಿರ ಹೋದರು. ಚಟ್ನಿ ತೆಗೆಯುವವರ ಹಾಗೆ ಬಾಗಿಲು ತೆರೆದು, ಮುಚ್ಚುವಾಗ ಪತ್ರವನ್ನು ಕಿತ್ತು ಮಡಚಿ, ಡ್ರಾಯರ್‌ನಲ್ಲಿ ಕೈವಸ್ತ್ರಗಳ ಕೆಳಗೆ ಇಟ್ಟರು. ಆಮೇಲೆ ತಿರುಗಿ ಹೇಳಿದರು.

“ಹೌದು, ಪಾಪ. ಅವಳಿಗೆ ಬಿಡುವುದಿಲ್ಲಂತೆ.”

ನನ್ನ ಸುಳ್ಳನ್ನು ಅಷ್ಟು ಚುರುಕಾಗಿ ಕಾಯಬಲ್ಲವರು ತಮಗಾಗಿ ಒಂದು ಸಾರಿ ‘ಇಲ್ಲ’ ಎನ್ನಲಿಲ್ಲ... ಆ ಮಧ್ಯಾಹ್ನದ ಸಿಟ್ಟು ಬೆರಳು ಮಡಚಿ ಹೇಳಬಲ್ಲಷ್ಟು ಸ್ಪಷ್ಟವಾಗಿ ನೆನಪಿದೆ. ಗೆರೆ ಎಳೆದವರ ಮೇಲೆ ಬಂದದ್ದು ಕಡಿಮೆ. ಪೇಪರ್ ಓದುತ್ತ ಕೂತ ಅಂಕಲ್ ಮೇಲೆ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಆಂಟಿಯ ಮೇಲೆ. ಮರುದಿನ ಬೆಳಿಗ್ಗೆ ನನ್ನ ಟೋಪಿಯನ್ನು ತೆಗೆದುಕೊಂಡು ಹೋಗಿ ಸ್ಟೇಷನ್ ಪಕ್ಕದ ಹಳೆಬಟ್ಟೆ ದಾನದ ಡಬ್ಬದಲ್ಲಿ ತುರುಕಿದೆ. ನಾಕ್ಸೋಸ್‌ನ ಯಜಮಾನಿಗೆ ಎರಡು ಸಾಲಿನ ಕ್ಷಮಾಪಣೆ ಬರೆದೆ. ಆಂಟಿಯೊಡನೆ ಒಂದು ವಾರ ಬೇಕಾದಷ್ಟೇ ಮಾತಾಡಿದೆ. ಅವರು ಒಂದೇ ಸಲ, ಬಟ್ಟೆ ಮಡಚುತ್ತ, “ಸಿಟ್ಟು ಮಾಡ್ಬೇಡ. ಕರೆದ ಮೇಲೆ ಬೇಡ ಅನ್ಲಿಕ್ಕೆ ಆಗ್ತದಾ?” ಎಂದರು. ಆಗುತ್ತದೆ ಎಂದು ನಾನು ಹೇಳಲಿಲ್ಲ. ಎದ್ದು ನನ್ನ ಕೋಣೆಗೆ ಹೋದೆ.

ಅವರು ಸೆಪ್ಟೆಂಬರ್ ಕೊನೆಗೆ ಹೊರಟರು. ಹಿಂದಿನ ದಿನ ಹಜಾರದಲ್ಲಿ ಆಂಟಿಯ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಕುಕ್ಕರ್, ಸೌಟು, ಪುಡಿಗಳು, ಹುಣಸೆಹಣ್ಣು. ಎಲ್ಲದರ ಮೇಲೆ, ನಜ್ಜಾಗದಂತೆ ಒಳಗೆ ಸೀರೆ ತುಂಬಿ, ಟೋಪಿ.

ಐದನೆಯ ದಿನ ಫೋನ್ ಬಂತು. “ಹೇಗೆ ಉಂಟು ಗೊತ್ತುಂಟಾ, ಕಿಟಕಿಯಿಂದ ಇಡೀ ಸಮುದ್ರ ಕಾಣ್ತದೆ,” ಎಂದರು. ಸಮುದ್ರದ ಸದ್ದು ಕೇಳಬಹುದೆಂದು ಕಿವಿಗೊಟ್ಟೆ. ಕೇಳಿದ್ದು ಕುಕ್ಕರ್‌ನ ಸೀಟಿ. ಎರಡನೆಯದಕ್ಕೆ ಅವರು, “ಇರು, ಇನ್ನೊಂದು ಆಗ್ಬೇಕು,” ಎಂದು ಯಾರಿಗೋ ಹೇಳಿದರು. ಮೂರನೆಯದಕ್ಕೆ ಫೋನ್ ಇಟ್ಟರು.

ಮರಳಿ ಬಂದ ಮೇಲೆ ವೆಸ್ಟ್‌ಮೀಡ್‌ನವರ ಮನೆಯಲ್ಲಿ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಫೋಟೋ ತೋರಿಸಿದರು. ಅಂಕಲ್ ಒತ್ತಾಯಕ್ಕೆ ನಾನೂ ಹೋಗಿ ಹಿಂದೆ ಕೂತೆ. ನೀಲಿ ಗುಮ್ಮಟದ ಮುಂದೆ ಎಲ್ಲರೂ. ಹಡಗಿನಲ್ಲಿ ಎಲ್ಲರೂ. ಜ್ವಾಲಾಮುಖಿಯ ಬಾಯಿಯಲ್ಲಿ ಎಲ್ಲರೂ, ಕೈಯಲ್ಲಿ ಪುಳಿಯೋಗರೆಯ ಡಬ್ಬಿ. ಎರಡು ಗಂಟೆ ನಡೆದ ಆ ಪ್ರದರ್ಶನದಲ್ಲಿ ಆಂಟಿ ನಾಲ್ಕು ಸಲ ಬಂದರು. ಒಮ್ಮೆ ಏರ್‌ಪೋರ್ಟಿನಲ್ಲಿ. ಒಮ್ಮೆ ಅರ್ಧ ಕೈ, ಲೋಟ ಚಾಚಿದ್ದು. ಒಮ್ಮೆ ಮೆಟ್ಟಿಲ ತುದಿಯಲ್ಲಿ, ಇಳಿದು ಹೋಗುತ್ತಿರುವವರನ್ನು ನೋಡುತ್ತ. ನಾಲ್ಕನೆಯದು ಬೆನ್ನು: ಒಲೆಯ ಮುಂದೆ ನಿಂತಿದ್ದಾರೆ, ಒಲೆಯ ಮೇಲೆ ನೀಲಿ ಚೌಕಟ್ಟಿನ ಕಿಟಕಿ, ಕಿಟಕಿಯಲ್ಲಿ ಸಮುದ್ರ. ತುಂಬ ಸುಂದರ ಫೋಟೋ ಅದು. ತೆಗೆದವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

“ಆಂಟಿ ಇಲ್ದಿದ್ರೆ ಸತ್ತೇ ಹೋಗ್ತಿದ್ವಿ,” ಎಂದರು ವೆಸ್ಟ್‌ಮೀಡ್ ಆಂಟಿ, ಪ್ರೀತಿಯಿಂದಲೇ. “ಹತ್ತು ದಿನ ಮನೇಲೇ ಇದ್ದಂಗಿತ್ತು.”

ಎಲ್ಲರೂ ನಕ್ಕರು. ಆಂಟಿಯೂ ನಕ್ಕರು. ನಾನು ಎದ್ದು ಹೊರಗೆ ಹೋಗಿ ಚಪ್ಪಲಿಗಳ ನಡುವೆ ನಿಂತೆ. ಆಮೇಲೆ ಹೇಳುತ್ತೇನೆ ಎಂದಿದ್ದ ಹೊಗಳಿಕೆ ಇದು. ಇಪ್ಪತ್ತೆರಡು ವರ್ಷ ಅವರನ್ನು ಒಲೆಗೆ ಕಟ್ಟಿಹಾಕಿದ್ದು ಇದೇ. ಬೈದಿದ್ದರೆ ಅವರು ಎಂದೋ ಎದ್ದು ಹೋಗುತ್ತಿದ್ದರೇನೋ.

ಕೆಲವು ದಿನ ಬಿಟ್ಟು, ಇಬ್ಬರೇ ಇದ್ದಾಗ ಕೇಳಿದೆ. ಕುರ್ಚಿಯಲ್ಲಿ ಕೂತಿರಾ ಎಂದು.

“ಒಂದು ದಿನ ಹೋದೆ,” ಎಂದರು. “ಕೊನೇ ದಿನ. ಬಸ್ಸಿನಲ್ಲಿ, ಆ ಕಪ್ಪು ಮರಳು ಉಂಟಲ್ಲ, ಅಲ್ಲಿಗೆ. ಸಂಜೆ ಆಗಿತ್ತು. ಸೀಸನ್ ಮುಗೀತಂತೆ... ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಸರಪಳಿ ಹಾಕಿದ್ರು.” ಆಮೇಲೆ, “ನಾವಿಬ್ಬರೇ ಹೋಗುವ. ಆ ಅಜ್ಜಿಯ ಊರಿಗೆ. ಮುಂದಿನ ವರ್ಷ,” ಎಂದರು.

ಅವರು ಅದನ್ನು ಮಾತಿಗೆ ಹೇಳಲಿಲ್ಲ. ಕರೆದರು, ನಿಜವಾಗಿ ಕರೆದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ನೋಡೋಣ ಆಂಟಿ, ಇನ್ನೊಮ್ಮೆ,” ಎಂದೆ. ಅವರು ಉಡುಪಿಯವರು, ಆ ಉತ್ತರದ ಅರ್ಥ ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ತಲೆಯಾಡಿಸಿ ಅಕ್ಕಿ ತೊಳೆಯಲು ಎದ್ದರು.

ಮರುವರ್ಷದ ಆರಂಭದಲ್ಲಿ ಬಾಕ್ಸ್ ಹಿಲ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ನಾನು ಮೆಲ್ಬರ್ನ್‌ಗೆ ಬಂದೆ. ಕಡಿಮೆ ಬಾಡಿಗೆ ಎಂದು ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದೆ. ಆಂಟಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ, ಅಷ್ಟೇ, ನಾನಾಗಿ ಫೋನ್ ಮಾಡಿದ್ದು ಹಬ್ಬಗಳಿಗೆ. ಒಂದೂವರೆ ವರ್ಷದ ನಂತರ ಒಂದು ಮಧ್ಯಾಹ್ನ ಅಂಕಲ್ ಫೋನ್ ಬಂತು. ಆಂಟಿ ಕೆಲಸದ ಜಾಗದಲ್ಲೇ, ಯಾರಿಗೋ ಚಹಾ ಕೊಡುತ್ತ ಕುಸಿದು ಬಿದ್ದರಂತೆ. ಹೃದಯ... ಸಿಡ್ನಿಗೆ ಹೋದೆ. ವೈಕುಂಠ ಸಮಾರಾಧನೆಯ ದಿನ ವೆಸ್ಟ್‌ಮೀಡ್‌ನವರೇ ಮುಂದೆ ನಿಂತು ಎಲ್ಲ ನೋಡಿಕೊಂಡರು. ಅವರ ಕಣ್ಣು ಅತ್ತು ಊದಿತ್ತು. ಊಟ ಹೊರಗಿನಿಂದ ತರಿಸಿದ್ದರು. ಸಾರು ಸರಿಯಿಲ್ಲ ಎಂದು ಯಾರೋ ಹೇಳಿದರು. ಯಾರು ಎಂದು ತಿರುಗಿ ನೋಡಲಿಲ್ಲ. ನೋಡಿದ್ದರೆ ಸುಮ್ಮನಿರುತ್ತಿರಲಿಲ್ಲ.

ಟೋಪಿ ಆಮೇಲೆ ಅಂಚೆಯಲ್ಲಿ ಬಂತು. ಅಂಕಲ್ ಒಂದು ಚೀಟಿ ಇಟ್ಟಿದ್ದರು: ‘ನಿನ್ನದು ಕಳೆದುಹೋಗಿದೆ, ಇದು ನಿನಗೆ ಇರಲಿ ಅಂತ ಹೇಳ್ತಿದ್ದಳು.’ ನನ್ನ ಟೋಪಿ ಎಲ್ಲಿ ಹೋಯಿತೆಂದು ಆಂಟಿ ಒಮ್ಮೆಯೂ ಕೇಳಿರಲಿಲ್ಲ. ಕಳೆದುಹೋಗಿದೆ ಎಂದು ಅಂಕಲ್‌ಗೆ ಹೇಳಿ ಅಲ್ಲಿಯೂ ನನ್ನನ್ನು ಕಾದಿದ್ದರು.

ಇವತ್ತು ಲೆಕ್ಕ ಹಾಕಿದರೆ ನನ್ನ ಸಿಟ್ಟಿನ ದೊಡ್ಡ ಪಾಲು ಬೇರೆ ಕಡೆ ತಿರುಗುತ್ತದೆ. ವೆಸ್ಟ್‌ಮೀಡ್‌ನವರು ಅವರನ್ನು ಅಡುಗೆಯವರನ್ನಾಗಿ ಕಂಡರು, ಹೌದು. ಆದರೆ ಅವರಿಗೆ ಏನು ಬೇಕಿತ್ತು ಎಂಬುದು ಆ ಹನ್ನೆರಡು ಜನರಲ್ಲಿ ನನಗೊಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ಏನು ಆಗದು ಎಂಬುದನ್ನು ಫೋಲ್ಡರ್‌ನ ಮೂರನೆಯ ಪುಟದಲ್ಲಿ ಬರೆದೂ ಇಟ್ಟಿದ್ದೆ. ನಾನು ಹೋಗಿದ್ದರೆ ಒಂದು ಬೆಳಿಗ್ಗೆಯಾದರೂ ಅವರ ಕೈಯಿಂದ ಸೌಟು ಕಿತ್ತು, ಬಸ್ಸು ಹತ್ತಿಸಿ, ಒಂದು ಕುರ್ಚಿಯಲ್ಲಿ ಕೂರಿಸಬಹುದಿತ್ತು. ನನ್ನ ಯೋಜನೆ ಕೆಟ್ಟಿತೆಂದು ನಾನು ಮನೆಯಲ್ಲಿ ಉಳಿದೆ.

ಸಾಮಾನು ಕಟ್ಟುತ್ತಿದ್ದ ಆ ದಿನವೇ ಪಕ್ಕದ ಮನೆಯ ಮೈಸೂರಿನವರು ಖಾಲಿ ಪೆಟ್ಟಿಗೆಗಳನ್ನು ಕೊಡಲು ಬಂದರು. ಆಫೀಸಿನ ಹತ್ತಿರ ಎಂದು ನಾನು ಬಾಕ್ಸ್ ಹಿಲ್‌ಗೆ ಹೋಗುತ್ತಿರುವುದು ಅವರಿಗೆ ಬೇಸರ. ಮೇಜಿನ ಮೇಲಿದ್ದ ಟೋಪಿಯನ್ನು ನೋಡಿದರು.

“ಚೆನ್ನಾಗಿದೆ. ಎಲ್ಲಿಗಾದ್ರೂ ಹಾಲಿಡೇ ಹೊರಟ್ರಾ?”

ಹೊರಟಿದ್ದೆ. ಕಳೆದ ತಿಂಗಳು ಬುಕ್ ಮಾಡಿದ್ದೆ, ಯಾರಿಗೂ ಹೇಳಿರಲಿಲ್ಲ. “ಗ್ರೀಸ್‌ಗೆ. ಸೆಪ್ಟೆಂಬರ್ ಮೊದಲ ವಾರ,” ಎಂದೆ.

“ಅಬ್ಬಾ, ಎಷ್ಟು ಚೆನ್ನಾಗಿರತ್ತೆ. ಯಾರ್ಯಾರು?”

“ನಾನೊಬ್ಬಳೇ.”

ಆ ಜಾಗದಲ್ಲಿ ಏನು ಹೇಳಬೇಕೆಂದು ನನಗೆ ಬಾಯಿಪಾಠ; ನಾಲಿಗೆಗೆ ಬಂದೂ ಇತ್ತು. ಅವರು ನಗುಮುಖದಲ್ಲಿ ಕಾದರು. ಒಳ್ಳೆಯವರು, ಕರೆದಿದ್ದರೂ ಬರುತ್ತಿರಲಿಲ್ಲವೇನೋ. ನಾನು ಕರೆಯಲಿಲ್ಲ. ಪೆಟ್ಟಿಗೆಗಳಿಗೆ ಥ್ಯಾಂಕ್ಸ್ ಹೇಳಿದೆ. ಅವರ ನಗು ಸ್ವಲ್ಪ ಇಳಿಯಿತು. ಬರ್ತೀನಿ ಎಂದು ಹೊರಟರು.

ಕತ್ತರಿ ತಂದು ಟೋಪಿಯ ಚೀಟಿ ಕತ್ತರಿಸಿದೆ. ತಲೆಗೆ ಇಟ್ಟರೆ ಹುಬ್ಬಿನ ಕೆಳಗೆ ಜಾರುತ್ತದೆ; ನನಗೆ ತುರುಬಿಲ್ಲ. ಎರಡು ದಿನ ಬಿಸಿಲಿಗೆ ಇಟ್ಟರೂ ಇಂಗಿನ ವಾಸನೆ ಹೋಗಿಲ್ಲ. ನಾಕ್ಸೋಸ್‌ನ ಆ ಯಜಮಾನಿ ಹಿಂದಿನ ಕೋಣೆಯನ್ನು ಇಟ್ಟಿದ್ದಾಳೆ, ಈಗಲೂ ಅದರಲ್ಲಿ ಸ್ಟವ್ ಇಲ್ಲವಂತೆ. ಹಳೆಯ ಇಮೇಲ್ ಅವಳ ಹತ್ತಿರ ಉಳಿದಿತ್ತು. ನೀರಿನ ಅಂಚಿಗೆ ಎರಡು ಕುರ್ಚಿ ಅಲ್ಲವೇ ಎಂದು ಕೇಳಿದ್ದಳು. ಒಂದು ಸಾಕು ಎಂದು ಬರೆಯಬೇಕಾಯಿತು.